ಒಂದೇ ನಂಬರಿನ ಎರಡು ಬೀದಿ

ರಾತ್ರಿ ಒಂಬತ್ತೂವರೆ. ಸರ್ವರ್ ಕೋಣೆಯ ಗೋಡೆಗೂ
ಕುದಿವ ಕಬ್ಬಿನಹಾಲಿನ ವಾಸನೆ.
ಹೊರಗೆ ಯಾರ್ಡಿನಲ್ಲಿ ಟ್ರ್ಯಾಕ್ಟರುಗಳ ಸಾಲು,
ಫೋನಿನಲ್ಲಿ ತೂಕದ ಸೆಕ್ಷನ್ನಿನ ಹೊಂಬಾಳಯ್ಯ,
ಕಾಲಿಗೆ ಪ್ಲಾಸ್ಟರು, ಗುತ್ತಲಿನ ಮನೆಯ ದಿವಾನದ ಮೇಲಿಂದ:
"ಶಮೀಮವ್ವ, ಸೈರನ್ನು ಕೇಳಿಸ್ತಾ ಅದೆ ಕಣವ್ವ,
ಫೋಲ್ಡರು ಕಾಣ್ತಾ ಇಲ್ಲ."

ಬೆಳಿಗ್ಗೆ ಹತ್ತಕ್ಕೆ ಬಿಲ್ಲಿನ ಪಟ್ಟಿ ಹೋಗಬೇಕು.
ತುಂಬಿದ ಬಂಡಿಯ ತೂಕ, ಬರಿ ಬಂಡಿಯ ತೂಕ,
ಕಳೆದರೆ ಉಳಿದದ್ದು ಕಬ್ಬು.
ಎಲ್ಲ ನನ್ನ ಮೊಣಕೈಯಿಂದ
ಒಂದು ಮಾರು ದೂರದ ಪೆಟ್ಟಿಗೆಯಲ್ಲಿದೆ.

ವಿಪಿಎನ್ ಆಗಿದೆಯಾ? "ಆಗದೆ. ಹಸುರು ಬಂದದೆ."
ಹಸಿರು ಸುಳ್ಳು ಹೇಳಿರಲಿಲ್ಲ.
ಹುಲಿಕೆರೆಯ ಗುಡ್ಡದಡಿ ನಾಲೆ ನುಸುಳುವ ಹಾಗೆ
ಅವರ ಮನೆಯಿಂದ ನನ್ನ ಕೋಣೆಗೆ ಸುರಂಗ ತೆರೆದೇ ಇತ್ತು.
ನೀರು ಮಾತ್ರ ಬರುತ್ತಿರಲಿಲ್ಲ.

ಪಾಸ್‌ವರ್ಡ್ ತಿದ್ದಿಸಿದೆ.
ಆಫ್ ಮಾಡಿ ಆನ್ ಮಾಡಿ ಎಂದೆ; ನಮ್ಮ ಕಸುಬಿನ ಅರಿಸಿನ ಅದು,
ಎಲ್ಲ ಗಾಯಕ್ಕೂ.
ಹೆಸರು ಹಿಡಿದು ಕೂಗಿಸಿದೆ, ಓ ಎನ್ನಲಿಲ್ಲ.
ಹೆಸರು ಬೇಡ, ನಂಬರು ಹೊಡೀರಿ:
ನೂರ ತೊಂಬತ್ತೆರಡು ಚುಕ್ಕಿ ನೂರ ಅರವತ್ತೆಂಟು
ಚುಕ್ಕಿ ಒಂದು ಚುಕ್ಕಿ ಹತ್ತು.

ಓ ಎಂದಿತು!
ನಾಲ್ಕು ಸಲ ಕೂಗಿದ್ದಕ್ಕೆ ನಾಲ್ಕು ಸಲ.
"ಜೀವ ಅದೆ ಕಣವ್ವ! ಬಾಗ್ಲು ತೆಗೀತಿಲ್ಲ ಅಷ್ಟೆ."
ಎಷ್ಟು ಹೊತ್ತಿಗೆ ಓ ಅಂತು, ಓದಿ ಹೇಳಿ.
"ಎರಡು ಮಿಲಿಸೆಕೆಂಡು."

ನನ್ನ ಕೈ ಕೀಬೋರ್ಡಿನ ಮೇಲೇ ನಿಂತಿತು.
ಗುತ್ತಲಿಂದ ಹೊರಟ ಕರೆ ಬೆಂಗಳೂರು ಸುತ್ತಿ
ಸುರಂಗ ದಾಟಿ ಇಲ್ಲಿ ತಲುಪಿ ಮರಳಲು
ನಲವತ್ತಾದರೂ ಬೇಕು.
ಇಷ್ಟು ಬೇಗ ಓ ಎನ್ನುವವರು
ಪಕ್ಕದಲ್ಲೇ ಕೂತವರು.

ನಿಮ್ಮನೇಲಿ ಇಂಟರ್ನೆಟ್ಟಿಗೆ ಸೇರಿದ್ದು ಇನ್ನೇನಿದೆ?
"ಟೀವಿ. ಚಿಕ್ಕತಾಯಿ ಸೀರಿಯಲ್ ನೋಡ್ತಾವ್ಳೆ."
ಆರಿಸಿ ಎಂದೆ. ಒಳಗಿಂದ ಗೊಣಗಾಟ.
ಮತ್ತೆ ಕೂಗಿದರೆ, ಸದ್ದಿಲ್ಲ.

ಅಲ್ಲಿತನಕ ಓಗೊಟ್ಟದ್ದು ಟೀವಿ.

ಅವರ ಮನೆಯ ಬೀದಿಗೆ ಪೆಟ್ಟಿಗೆ ಮಾಡಿದ ಕಂಪನಿ ಹಾಕಿದ ನಂಬರನ್ನೇ
ಕಾರ್ಖಾನೆಯ ಬೀದಿಗೂ ಬಿಟ್ಟಿದ್ದವಳು ನಾನು,
ಸೇರಿದ ಮೊದಲ ವಾರ, ಯಾರು ಬದಲಿಸುತ್ತಾರೆ ಎಂದು.
ಬೆಣ್ಣೆ ಇದ್ದದ್ದು ಇಲ್ಲಿ;
ಅಲ್ಲಿ ಅಂಗೈ ತನ್ನನ್ನೇ ತಡಕುತ್ತಿತ್ತು.

ನಿಮ್ಮ ಬೀದಿಯ ನಂಬರು ಬದಲಿಸೋಣ ಎಂದೆ.
ಏಳಲಾಗದ ಗಂಡನ ಪರವಾಗಿ ಚಿಕ್ಕತಾಯಮ್ಮ
ಟಾರ್ಚು ಹಿಡಿದು ಪೆಟ್ಟಿಗೆಯ ಬೆನ್ನಿನ ಚೀಟಿ ಓದಿದರು,
ಇಂಗ್ಲಿಷು ಕಲಿಯದವರು:
"ಇದು ಕುರ್ಚಿ. ಇದು ಮೊಟ್ಟೆ.
ಇದು ಕುಡುಗೋಲು, ಹಿಡಿ ಮೇಲಕ್ಕದೆ."
ಮೊಟ್ಟೆ ಅಕ್ಷರವೋ ಸೊನ್ನೆಯೋ ಎಂದು ಎರಡು ಸಲ ತಪ್ಪಿದೆವು.
ಮೂರನೇ ಸಲ ಒಳಗೆ ಬಿಟ್ಟಿತು.

ಒಂದನ್ನು ಅಳಿಸಿ ನಲವತ್ತೇಳು.
ಯಾಕೆ ನಲವತ್ತೇಳೋ, ಬಾಯಿಗೆ ಬಂದದ್ದು.

ದೀಪ ಆರಿ, ಹತ್ತಿ, ಮಿಣುಕಿ, ನಿಂತಿತು.
ಕಾಯುವಾಗ ಇಬ್ಬರೂ ಮಾತಾಡಲಿಲ್ಲ.
ಫೋನಿನಲ್ಲಿ ಅವರ ಗೋಡೆಗಡಿಯಾರ.

"ಬಂತು."

ಥ್ಯಾಂಕ್ಸ್ ಎನ್ನುತ್ತಾರೆಂದು ಇದ್ದೆ.
ಹೊಂಬಾಳಯ್ಯ ಓದತೊಡಗಿದ್ದರು, ತುಟಿಯಲ್ಲೇ,
ಏಳನೇ ಸಾಲಿಗೆ ನಿಂತರು.
"ಬಸರಾಳಿನ ಟ್ರೈಲರು ಇದು. ಹಿಂದಿನ ಹಲಗೆ ಮುರುದೋಗದೆ ಅದ್ಕೆ.
ಬರಿ ಬಂಡಿ ಇಷ್ಟು ತೂಗಾಕಿಲ್ಲ.
ಪಾಪ, ಇನ್ನೂರು ಕೇಜಿ ಕಬ್ಬು ಕಬ್ಬಿಣದ ಲೆಕ್ಕಕ್ಕೋಯ್ತು.
ಎರಡನೇ ಟ್ರಿಪ್ಪಿಗೆ ಸಾಲಲ್ಲಿದ್ದಾನು, ನೋಡ್ಕ ಬಾ."

ಟಾರ್ಚು ಹಿಡಿದು ಯಾರ್ಡಿಗೆ ಇಳಿದೆ.
ಕಾಲಡಿ ಸೋಗೆ, ಒಂದೊಂದೇ ನಂಬರ್ ಪ್ಲೇಟು,
ಕೆಸರು ಮೆತ್ತಿ ಯಾವುದೂ ತಿಳಿಯದು.
ಕಡೆಗೆ ಊರ ಹೆಸರು ಹಿಡಿದು ಕೂಗಿದೆ:
ಬಸರಾಳಿನವರು ಯಾರು?

ಸಾಲಿನ ತುದಿಯಿಂದ, ತುಸು ತಡವಾಗಿ,
ಅಷ್ಟು ದೂರಕ್ಕೆ ತಕ್ಕಷ್ಟೇ ತಡವಾಗಿ,
ನಿದ್ದೆಗಣ್ಣಿನ ಯಾರೋ
ಓ ಎಂದರು.